ವಾಕಿಂಗು ಮೈಗೆ ಹತ್ತುವ ಬಗೆ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ನಾಳೆಯಿಂದ ವಾಕಿಂಗ್ ಶುರು ಮಾಡಬೇಕೆಂದು ನೀವು ತೀರ್ಮಾನಿಸಿದ್ದೀರಿ, ಮನೆಯವರ ಮುಂದೆ ಬಾಯಿಬಿಟ್ಟು ಹೇಳಿಯೂ ಬಿಟ್ಟಿದ್ದೀರಿ. ಇನ್ನು ಹಿಂದೆ ಸರಿಯುವಂತಿಲ್ಲ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ, ಮುಂದೆ ಬೇಕಾದಾಗ ಸಿಗುವ ಹಾಗೆ ಜೋಪಾನವಾಗಿಡಿ. ಮಿಕ್ಸಿಯ ಜೊತೆ ಬಂದ ಪುಸ್ತಕವನ್ನು ಎಲ್ಲಿ ಇಟ್ಟಿದ್ದೀರೋ ಅಲ್ಲೇ ಇಟ್ಟರೂ ಆದೀತು.

ಬರೆದವನ ಅರ್ಹತೆ ಏನೆಂದು ಕೇಳುವುದು ನಿಮ್ಮ ಹಕ್ಕು. ಊರು ಮೈಸೂರು. ವಯಸ್ಸು ಐವತ್ತನಾಲ್ಕು. ಕುರ್ಚಿಯಲ್ಲಿ ಕೂತು ಮಾಡುವ ನೌಕರಿ. ಹೋದ ವರ್ಷ ಜಂಬೂಸವಾರಿಯ ಮಾರನೆಯ ದಿನ 80 ಕಿಲೋ ತೂಗುತ್ತಿದ್ದೆ. ಅಂದಿನಿಂದ ಮಳೆ ಚಳಿ ಎನ್ನದೆ ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಮುಕ್ಕಾಲು ಗಂಟೆ ನಡೆದೆ. ಯುಗಾದಿಯ ಹೊತ್ತಿಗೆ 83 ಕಿಲೋ 400 ಗ್ರಾಂ ಆಗಿದ್ದೆ. ಇದಕ್ಕಾಗಿ ಯಾವ ಪ್ರೋಟೀನ್ ಪುಡಿಯನ್ನೂ ತಿಂದಿಲ್ಲ, ಯಾವ ಟ್ರೈನರಿಗೂ ಫೀಸು ಕೊಟ್ಟಿಲ್ಲ. ಬರೀ ಶಿಸ್ತು. ಅದೇ ಶಿಸ್ತನ್ನು ಹಂತಹಂತವಾಗಿ ಕೆಳಗೆ ಕೊಟ್ಟಿದೆ.

ಪೆಟ್ಟಿಗೆಯಲ್ಲಿ ಏನೇನಿರಬೇಕು

ಒಂದು ಜೊತೆ ಶೂ. ಒಂದು ಟ್ರ್ಯಾಕ್ ಪ್ಯಾಂಟು. ಸೊಂಟಕ್ಕೆ ಎಲಾಸ್ಟಿಕ್ ಇರುವುದು ಕಡ್ಡಾಯ, ಯಾಕೆಂಬುದು ಮೂರನೆಯ ತಿಂಗಳಲ್ಲಿ ತಿಳಿಯುತ್ತದೆ. ಮಗಳು ಹುಟ್ಟುಹಬ್ಬಕ್ಕೆ ಕೊಡಿಸಿದ, ಹೆಜ್ಜೆ ಎಣಿಸುವ ವಾಚು. ಡಿಸೆಂಬರಿಗೆ ಮಂಕಿ ಕ್ಯಾಪು. ಜೇಬಿನಲ್ಲಿ ನೂರರ ಒಂದು ನೋಟು, ದಾರಿಯಲ್ಲಿ ಏನಾದರೂ ಆದರೆ ಇರಲಿ ಅಂತ. ಏನಾದರೂ ಆಗೇ ಆಗುತ್ತದೆ. ವಿವರ ಮುಂದಿದೆ.

ಎಲ್ಲಕ್ಕಿಂತ ಮುಖ್ಯ ಭಾಗ ತೂಕದ ಮಿಷನ್ನು. ನಾವು ಹುಡುಗರಾಗಿದ್ದಾಗ ರೈಲ್ವೆ ಸ್ಟೇಷನ್ನಿನಲ್ಲಿ ಬಣ್ಣಬಣ್ಣದ ಬಲ್ಬುಗಳು ಮಿಣಮಿಣ ಎನ್ನುವ ಒಂದು ದೊಡ್ಡ ಮಿಷನ್ನು ಇರುತ್ತಿತ್ತು. ಹತ್ತಿ ನಿಂತು, ಒಳಗಿನ ಚಕ್ರ ನಿಲ್ಲುವ ತನಕ ಕಾದು, ನಾಣ್ಯ ಹಾಕಿದರೆ ಟಕ್ ಎಂದು ದಪ್ಪ ಕಾಗದದ ಟಿಕೆಟ್ಟು ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ತೂಕ ಎಷ್ಟೇ ಇರಲಿ, ಭವಿಷ್ಯ ಮಾತ್ರ ಚೆನ್ನಾಗಿಯೇ ಇರುತ್ತಿತ್ತು. ಈಗಿನ ಗಾಜಿನ ಮಿಷನ್ನಿಗೆ ಆ ಸೌಜನ್ಯವಿಲ್ಲ. ದಶಮಾಂಶದ ಸಮೇತ ಒಂದು ಅಂಕಿ ತೋರಿಸಿ, ಮೂರು ಸಲ ಮಿನುಗಿ, ಆರಿಹೋಗುತ್ತದೆ.

ಮಿಷನ್ನನ್ನು ಸಮತಟ್ಟಾದ ನೆಲದ ಮೇಲೆ ಇಡಿ. ಜಮಖಾನದ ಮೇಲೆ ಇಟ್ಟರೆ ಬೇರೆ ಅಂಕಿ ಬರುತ್ತದೆ ಎಂಬುದನ್ನು ನೀವೇ ಕಂಡುಕೊಳ್ಳುತ್ತೀರಿ, ಹೇಳಿಕೊಡಬೇಕಾಗಿಲ್ಲ. ಶೌಚಕ್ಕೆ ಹೋಗಿಬಂದ ಮೇಲೆ, ಸ್ನಾನಕ್ಕೆ ಮೊದಲು, ಕನ್ನಡಕ ತೆಗೆದಿಟ್ಟು ನಿಲ್ಲಿ. ಕನ್ನಡಕ ತೆಗೆದರೆ ಎರಡು ಲಾಭ: ಅದರ ತೂಕವೂ ಹೋಯಿತು, ಅಂಕಿಯೂ ಸರಿಯಾಗಿ ಕಾಣದು. ಒಂದು ಲೀಟರ್ ನೀರು ಕುಡಿದು ನಿಂತರೆ ಒಂದು ಕಿಲೋ ಜಾಸ್ತಿ ತೋರಿಸುತ್ತದೆ. ಇದು ಮಿಷನ್ನಿನ ದೋಷವಲ್ಲ.

ಮೊದಲ ಎರಡು ವಾರ

ಹೊಸ ಸ್ಕೂಟರಿಗೆ ಮೊದಲ ಸಾವಿರ ಕಿಲೋಮೀಟರು ಇದ್ದ ಹಾಗೆ ಇದು ಪಳಗುವ ಕಾಲ. ಈ ಅವಧಿಯಲ್ಲಿ ತೂಕ ಸುಮಾರು ಒಂದು ಕಿಲೋ ಏರಬಹುದು. ಗಾಬರಿಪಡಬೇಡಿ, ಹೆಮ್ಮೆಯನ್ನೂ ಪಡಬೇಡಿ. ಕೆಲಸ ಬಿದ್ದ ಸ್ನಾಯು ತನ್ನ ಸ್ವಂತ ಉಗ್ರಾಣದಲ್ಲಿ ಗ್ಲೈಕೋಜನ್ ಎಂಬ ಪಿಷ್ಟವನ್ನು ಹೆಚ್ಚಾಗಿ ಕೂಡಿಡಲು ಶುರುಮಾಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ನು ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಕರೆದುಕೊಂಡೇ ಬರುತ್ತದೆ, ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬಂದ ಹಾಗೆ. ಇದರ ಮೇಲೆ, ಅಭ್ಯಾಸವಿಲ್ಲದ ಮೀನಖಂಡ ನೊಂದು ಊದಿಕೊಳ್ಳುತ್ತದೆ, ಅಲ್ಲಿಯೂ ನೀರು. ಒಟ್ಟಿನಲ್ಲಿ ಮಿಷನ್ನು ತೋರಿಸುತ್ತಿರುವುದು ಕೊಬ್ಬನ್ನಲ್ಲ. ಇದು ನಿಮ್ಮ ಶ್ರಮದ ಫಲವೂ ಅಲ್ಲದ್ದರಿಂದ ಈ ಒಂದು ಕಿಲೋವನ್ನು ಕೈಪಿಡಿಯ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ. ನಿಜವಾದ ಕೆಲಸ ಮೂರನೆಯ ವಾರದಿಂದ.

ಇದೇ ಸಮಯದಲ್ಲಿ ಕೆರೆಯ ದಂಡೆಯಲ್ಲಿ ಯಾರಾದರೊಬ್ಬರು ನಿಮಗೆ ಹೇಳುತ್ತಾರೆ: "ಅದು ಫ್ಯಾಟ್ ಅಲ್ಲ ಸಾರ್, ಮಸಲ್ಲು. ಮಸಲ್ ತೂಕ ಜಾಸ್ತಿ." ಈ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ, ಆರು ತಿಂಗಳು ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಅಳತೆಗೆ ಅಳತೆ ಇಟ್ಟರೆ ಸ್ನಾಯು ಕೊಬ್ಬಿಗಿಂತ ಭಾರ. ಆದರೆ ಕೆರೆಯ ದಂಡೆಯಲ್ಲಿ ಹರಟುತ್ತ ನಡೆದರೆ ಎರಡು ವಾರಕ್ಕೆ ಒಂದು ಕಿಲೋ ಸ್ನಾಯು ಬೆಳೆಯುವುದಿಲ್ಲ. ಬೆಳೆದರೂ, ಒಂದು ಕಿಲೋ ಸ್ನಾಯು ಸುಮ್ಮನೆ ಕೂತಾಗ ದಿನಕ್ಕೆ ಖರ್ಚು ಮಾಡುವುದು ಸುಮಾರು 13 ಕ್ಯಾಲೊರಿ. ಅರ್ಧ ಮಾರಿ ಬಿಸ್ಕತ್ತು. ಇನ್ನರ್ಧವನ್ನು ಕಾಫಿಯಲ್ಲಿ ಅದ್ದಿ ತಿನ್ನುವುದು ಹೇಗೂ ಇದ್ದೇ ಇದೆ.

ದೈನಂದಿನ ಚಾಲನೆ

ಬೆಳಗ್ಗೆ ಐದೂಕಾಲಿಗೆ ಏಳಿ. ಖಾಲಿ ಹೊಟ್ಟೆಯಲ್ಲಿ ನಡೆದರೆ ತಲೆ ತಿರುಗೀತು ಎಂದು ಒಂದು ಲೋಟ ಕಾಫಿ ಕುಡಿಯಿರಿ. ಬರೀ ಕಾಫಿ ಕುಡಿದರೆ ಪಿತ್ತ ಎಂದು ಎರಡು ಬಿಸ್ಕತ್ತು ತಿನ್ನಿ. ಹೊರಡಿ.

ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದದ್ದು. ಹೊಲಗದ್ದೆಗಳಿಗೆ ನೀರಾಗಲಿ ಎಂದು ಕಟ್ಟಿಸಿದ ಕೆರೆ ಈಗ ಸಕ್ಕರೆ ಕಾಯಿಲೆಯವರ ಪಾಲಿಗೆ ಬಂದಿದೆ. ಸೂರ್ಯ ಹುಟ್ಟುವ ಹೊತ್ತಿಗೆ ನಡುಗಡ್ಡೆಯ ಮರಗಳಿಂದ ಹೆಜ್ಜಾರ್ಲೆಗಳು ಏಳುತ್ತವೆ. ಅಷ್ಟು ದಪ್ಪದ ಹಕ್ಕಿ, ಅಷ್ಟು ದೊಡ್ಡ ಕೊಕ್ಕಿನ ಚೀಲ, ಆದರೂ ಗಾಳಿಯಲ್ಲಿ ಹಾಯಿದೋಣಿಯ ಹಾಗೆ ತೇಲುವುದನ್ನು ನೋಡಿದರೆ ನನಗೆ ದಿನಾ ಸಮಾಧಾನವಾಗುತ್ತದೆ. ನೀವೂ ನೋಡಿ. ನೋಡುವಾಗ ನಿಲ್ಲಿ. ನಿಂತಾಗ ವಾಚು ಹೆಜ್ಜೆ ಎಣಿಸುವುದಿಲ್ಲ, ಆಗ ಕೈಯನ್ನು ಹಿಂದೆ ಮುಂದೆ ಬೀಸಿ.

ಈಗ ಲೆಕ್ಕ. ತಾಸಿಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆಯುವವನ ಮೈ, ಸುಮ್ಮನೆ ಕೂತವನ ಮೈಗಿಂತ ಸುಮಾರು ಮೂರೂವರೆ ಪಟ್ಟು ಇಂಧನ ಉರಿಸುತ್ತದೆ. 80 ಕಿಲೋದವನು ಮುಕ್ಕಾಲು ಗಂಟೆ ನಡೆದರೆ ಸುಮಾರು 210 ಕ್ಯಾಲೊರಿ. ವಾಚು ಈ 210ನ್ನು ಹಸಿರು ಬಣ್ಣದಲ್ಲಿ ತೋರಿಸಿ ಪುಟ್ಟ ಪಟಾಕಿಯನ್ನೂ ಹೊಡೆಯುತ್ತದೆ. ಆದರೆ ನೀವು ಮನೆಯಲ್ಲೇ ಮಲಗಿದ್ದರೂ ಅಷ್ಟು ಹೊತ್ತಿಗೆ 60 ಉರಿದೇ ಉರಿಯುತ್ತಿತ್ತು. ಅದನ್ನು ಕಳೆದರೆ ಎದ್ದು, ಶೂ ಹಾಕಿ, ಬೆವರು ಸುರಿಸಿದ್ದರ ಅಸಲು ಲಾಭ 150. ಈ ಅಂಕಿಯನ್ನು ನೆನಪಿನಲ್ಲಿಡಿ. ಇದನ್ನು ನಿವಾರಿಸುವುದೇ ಮುಂದಿನ ಹಂತದ ಗುರಿ.

ಏಳೂಕಾಲಿಗೆ ಹೋಟೆಲ್ಲು. ಹೆಸರು ಹೇಳುವುದಿಲ್ಲ, ನಿಮ್ಮ ಊರಿನಲ್ಲಿಯೂ ಇಂಥದೊಂದು ಇದೆ, ವಾಕಿಂಗಿನ ದಾರಿ ಮುಗಿಯುವಲ್ಲಿ, ಬೈಕುಗಳು ಅಡ್ಡಾದಿಡ್ಡಿ ನಿಂತಿರುವಲ್ಲಿ. ವಾಕಿಂಗ್ ಒಬ್ಬರೇ ಮಾಡಬಹುದು. ಹೋಟೆಲ್ಲಿಗೆ ಗುಂಪು ಬೇಕು. ನಮ್ಮ ಗುಂಪಿನಲ್ಲಿ ನಾಲ್ವರು: ನಾನು, ನಿವೃತ್ತ ಮೇಷ್ಟ್ರೊಬ್ಬರು, ವಿಮೆ ಮಾಡಿಸುವ ಗೆಳೆಯರೊಬ್ಬರು, ಮೊಣಕಾಲಿನ ಆಪರೇಷನ್ ಆಗಿರುವುದರಿಂದ ನಡೆಯದೆ ನೇರ ಹೋಟೆಲ್ಲಿಗೇ ಬರುವ ರಾಯರು. ನಾಲ್ವರಲ್ಲಿ ತೂಕ ಏರದೆ ಇರುವವರು ರಾಯರೊಬ್ಬರೇ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಆರ್ಡರ್ ಮಾಡುವ ಕ್ರಮ ಹೀಗೆ. ಮೊದಲು ಎಲ್ಲರೂ ಗಂಭೀರವಾಗಿ "ಇವತ್ತು ಬರೀ ಇಡ್ಲಿ" ಎನ್ನಬೇಕು. ಇಡ್ಲಿ ಹಬೆಯಲ್ಲಿ ಬೆಂದದ್ದು, ಎಣ್ಣೆ ಇಲ್ಲ, ಡಾಕ್ಟರುಗಳೂ ಒಪ್ಪಿದ್ದಾರೆ. ಆಮೇಲೆ ಮೇಷ್ಟ್ರು ಹುಡುಗನ ಮುಖ ನೋಡಬೇಕು. ಹುಡುಗ "ದೋಸೆ ಕಲ್ಲು ಈಗ ತಾನೇ ಕಾದೈತೆ ಸಾರ್" ಎನ್ನಬೇಕು. ಆಗ ಯಾರಾದರೊಬ್ಬರು ಆ ಪವಿತ್ರ ವಾಕ್ಯವನ್ನು ಉಚ್ಚರಿಸಬೇಕು: "ಇಷ್ಟು ವಾಕಿಂಗ್ ಮಾಡಿದೀವಲ್ಲ."

ಈ "ಅಲ್ಲ"ದ ಬಗ್ಗೆ ಒಂದು ಮಾತು. ಕನ್ನಡದ ಬಹು ಸಮರ್ಥವಾದ ಪದ ಇದು. ಬಿಡಿಯಾಗಿ ನಿಂತರೆ ನಿರಾಕರಣೆ. ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡರೆ ಪರವಾನಗಿ. ಮಾಡಿದೀನಲ್ಲ, ನಡೆದಿದೀನಲ್ಲ, ಬೆವರಿಳಿಸಿದೀನಲ್ಲ. ನನ್ನ ಅನುಭವದಲ್ಲಿ ತೂಕ ಏರಿಸುವುದು ದೋಸೆಯಲ್ಲ, ಈ ಬಾಲ. ದೋಸೆಯನ್ನು ವಾಕಿಂಗಿಗೆ ಮೊದಲೂ ತಿನ್ನುತ್ತಿದ್ದೆ, ತಿಂಗಳಿಗೆರಡು ಸಲ, ಕದ್ದು ತಿನ್ನುವವನ ಹಾಗೆ ಅಳುಕುತ್ತ. ಈಗ ದಿನಾ ತಿನ್ನುತ್ತೇನೆ, ಸಂಬಳ ಎಣಿಸಿಕೊಳ್ಳುವವನ ಹಾಗೆ.

ಚಟ್ನಿ ಸಮೇತ ಒಂದು ಬೆಣ್ಣೆ ಮಸಾಲೆ ದೋಸೆ 400 ಕ್ಯಾಲೊರಿಗಿಂತ ಕೆಳಗಿಳಿಯುವುದು ಕಷ್ಟ. ಮೇಲೆ ಇಡುವ ಬೆಣ್ಣೆಯ ಉಂಡೆಯೊಂದೇ, ದೊಡ್ಡ ಚಮಚದಷ್ಟಿದ್ದರೆ, 100. ಇದಕ್ಕೆ ಪ್ರಾಯಶ್ಚಿತ್ತವಾಗಿ ಕಾಫಿಯನ್ನು "ಬೈಟೂ, ಸಕ್ಕರೆ ಕಮ್ಮಿ" ಎಂದು ಹೇಳಿ. ಒಂದು ಚಮಚ ಸಕ್ಕರೆ ಬಿಟ್ಟರೆ 20 ಕ್ಯಾಲೊರಿ ಉಳಿಯಿತು. ಮೇಜಿನ ಸುತ್ತ ಇರುವವರೆಲ್ಲ ನಿಮ್ಮ ಮನೋನಿಗ್ರಹವನ್ನು ಗಮನಿಸುವಂತೆ ಸ್ವಲ್ಪ ಜೋರಾಗಿಯೇ ಹೇಳಿ.

ಇಷ್ಟಕ್ಕೆ ನಿಲ್ಲಿಸಿದರೆ ಕೈಪಿಡಿ ಫಲ ಕೊಡುವುದಿಲ್ಲ. ಮನೆಗೆ ಬನ್ನಿ. ಗೇಟು ತೆಗೆಯುವ ಸದ್ದಿಗೆ ಒಳಗಿನಿಂದ, "ರೀ, ಬಂದ್ರಾ? ಉಪ್ಪಿಟ್ಟು ಆರೋಗ್ತಾ ಇದೆ" ಎಂಬ ಧ್ವನಿ ಬರುತ್ತದೆ. ಹೋಟೆಲ್ಲಿನ ವಿಷಯ ಹೇಳುವ ಹಾಗಿಲ್ಲ. ಹಸಿವಿಲ್ಲ ಎಂದರೆ ಅನುಮಾನ. ಕೂತು ತಿನ್ನಿ. ಎರಡನೆಯ ಸಲ ಬಡಿಸಲು ಬಂದಾಗ ಬೇಡವೆಂದರೆ, "ಅಷ್ಟು ದೂರ ನಡೆದು ಬಂದಿದೀರಲ್ಲ" ಎನ್ನುತ್ತಾಳೆ. ಬಾಲ ಮನೆಯಲ್ಲಿಯೂ ಇದೆ.

ಹೀಗೆ ಮಾಮೂಲು ತಿಂಡಿ ಮಾಮೂಲಾಗಿಯೇ ಆಯಿತು. ದೋಸೆಯ 400 ಪೂರ್ತಿ ಮೇಲುಸಂಪಾದನೆ. ಅದರಲ್ಲಿ ನಡಿಗೆಯ 150 ಕಳೆಯಿರಿ, ಉಳಿದದ್ದು ದಿನಕ್ಕೆ 250. ತಿಂಗಳಿಗೆ 7,500. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700. ನೋಡಿ, ತಿಂಗಳಿಗೊಂದು ಕಿಲೋ ಎಷ್ಟು ಅಚ್ಚುಕಟ್ಟಾಗಿ ಕೂರುತ್ತದೆ. ನನಗೆ ಆರು ತಿಂಗಳಾದರೂ ಮೂರು ಚಿಲ್ಲರೆಯೇ ಬಂದದ್ದೇಕೆಂದರೆ, ಹೋಟೆಲ್ಲಿಗೆ ವಾರಕ್ಕೊಂದು ದಿನ ರಜೆ ಇತ್ತು, ನಡುವೆ ಎರಡು ಮದುವೆಯ ನೆಪದಲ್ಲಿ ಊರಲ್ಲಿರಲಿಲ್ಲ, ಮತ್ತು ಮೈ ಎಂಬುದು ಗುಮಾಸ್ತನಷ್ಟು ಕರಾರುವಾಕ್ಕಾಗಿ ಲೆಕ್ಕ ಬರೆಯುವುದಿಲ್ಲ.

ಹೆಜ್ಜೆಗಳ ವಿಷಯ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಬೇಕೆಂದು ವಾಚು ಒತ್ತಾಯಿಸುತ್ತದೆ. ಈ ಸಂಖ್ಯೆ ಯಾವ ಆಸ್ಪತ್ರೆಯಲ್ಲೂ ಹುಟ್ಟಿದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ನಡೆದ ಮಾರನೆಯ ವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ಮಾನ್ಪೋ-ಕೆ, ಎಂದರೆ "ಹತ್ತು ಸಾವಿರ ಹೆಜ್ಜೆಯ ಮಾಪಕ". ಮಾರುವವರಿಗೆ ದುಂಡನೆಯ ಸಂಖ್ಯೆ ಬೇಕಿತ್ತು. ಅರುವತ್ತು ವರ್ಷವಾದ ಮೇಲೆ ಮೈಸೂರಿನಲ್ಲಿ ಒಬ್ಬ ಮನುಷ್ಯ ರಾತ್ರಿ ಹತ್ತೂವರೆಗೆ, 9,640ರಲ್ಲಿ ನಿಂತುಬಿಟ್ಟ ವಾಚನ್ನು ನೋಡಿ, ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಓಡಾಡುತ್ತಾನೆ. ಹೋದ ಪುಟ್ಟ, ಬಂದ ಪುಟ್ಟ. ಅಡುಗೆಮನೆಗೆ ಹೋದ ಪ್ರತಿ ಸಲವೂ ಕೈ ಡಬ್ಬಿಗೆ ಹೋಗುತ್ತದೆ. ಹುರಿದ ಕಡಲೆಕಾಯಿ ಒಂದು ಹಿಡಿ, 30 ಗ್ರಾಂ, ಸುಮಾರು 170. ಬೆಳಗಿನ ನಡಿಗೆಯ ಅಸಲು ಲಾಭವನ್ನು ರಾತ್ರಿಯೂ ಒಮ್ಮೆ ನಿವಾರಿಸಿದಂತಾಯಿತು.

ಭಾನುವಾರದ ವಿಶೇಷ ಚಾಲನೆ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ್ದು. ಹತ್ತುವವರಲ್ಲಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹೋಗುವ ಹೆಂಗಸರಿರುತ್ತಾರೆ, ಎರಡೆರಡು ಮೆಟ್ಟಿಲು ನೆಗೆಯುವ ಕಾಲೇಜು ಹುಡುಗರಿರುತ್ತಾರೆ, ಇವರಿಬ್ಬರ ನಡುವೆ ಕಂಬಿ ಹಿಡಿದು ನಿಂತು ದೃಶ್ಯ ಸೌಂದರ್ಯ ನೋಡುತ್ತಿರುವಂತೆ ನಟಿಸುವ ನಾನಿರುತ್ತೇನೆ. ನಂದಿಯ ಹತ್ತಿರ ಬಂದಾಗ ಬೆಟ್ಟ ಗೆದ್ದೆ ಎನ್ನಿಸುತ್ತದೆ. ಇನ್ನೂ ಮೇಲೆ ಮೆಟ್ಟಿಲಿವೆ.

80 ಕಿಲೋ ಮೈಯನ್ನು 250 ಮೀಟರು ಎತ್ತರಕ್ಕೆ ಎತ್ತಲು ಭೌತಶಾಸ್ತ್ರದ ಪ್ರಕಾರ ಬೇಕಾದದ್ದು 47 ಕ್ಯಾಲೊರಿ. ನಮ್ಮ ಸ್ನಾಯು ಅಷ್ಟೇನೂ ದಕ್ಷವಲ್ಲದ ಎಂಜಿನ್ನು, ನಾಲ್ಕು ಹಾಕಿದರೆ ಒಂದು ಕೆಲಸಕ್ಕೆ, ಮೂರು ಬೆವರಿಗೆ. ಅಂದರೆ ಸುಮಾರು 190. ಇದಕ್ಕೆ ಸರಿಸಮನಾದ ವಸ್ತು ಇದೇ ಊರಿನಲ್ಲಿ, ಅರಮನೆಯ ಅಡುಗೆಮನೆಯಲ್ಲೇ ಹುಟ್ಟಿತು. 40 ಗ್ರಾಮಿನ ಒಂದು ತುಂಡು ಮೈಸೂರು ಪಾಕು ಹತ್ತಿರ ಹತ್ತಿರ 200. ಸಾವಿರ ಮೆಟ್ಟಿಲಿಗೆ ಒಂದು ತುಂಡು. ನಾನು ಲೆಕ್ಕವನ್ನು ಹೇಳಿದಾಗ ವಿಮೆಯ ಗೆಳೆಯರು, "ಹಂಗಾದ್ರೆ ಎರಡು ತಿಂದ್ರೆ ಇನ್ನೊಂದ್ಸಲ ಹತ್ತೋ ಶಕ್ತಿ ಬರುತ್ತೆ ಬಿಡಿ" ಎಂದರು. ವಿಮೆ ಮಾಡಿಸುವವರು ಯಾವ ಅಂಕಿಯನ್ನಾದರೂ ಲಾಭಕ್ಕೆ ತಿರುಗಿಸಬಲ್ಲರು.

ಕೈಪಿಡಿಯ ಮೂಲ ಆವೃತ್ತಿ

ನಮ್ಮ ತಾತ ಗರಡಿಗೆ ಹೋದವರು. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಗರಡಿಮನೆಗಳು ಈಗಲೂ ಇವೆ; ಒಳಗೆ ಕೆಂಪುಮಣ್ಣಿನ ಅಖಾಡ, ಗೋಡೆಗೆ ಆನಿಸಿದ ಗದೆ, ಮೂಲೆಯಲ್ಲಿ ಹನುಮಂತ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವುದನ್ನು ನೀವು ಟೀವಿಯಲ್ಲಾದರೂ ನೋಡಿರುತ್ತೀರಿ. ತಾತ ಆ ಮಟ್ಟದವರಲ್ಲ. ಕೇರಿಯ ಮಟ್ಟದ ಪೈಲ್ವಾನ. ನಾನು ಕಾಲೇಜಿನಲ್ಲಿದ್ದಾಗ ಒಮ್ಮೆ, ಹೊಟ್ಟೆ ಕರಗಿಸಲು ಬಸ್ಕಿ ಹೊಡೆಯುತ್ತೇನೆ ಎಂದಿದ್ದಕ್ಕೆ ಅವರು ಬಹಳ ಹೊತ್ತು ನನ್ನನ್ನೇ ನೋಡಿದರು.

"ಸಾಮು ಮಾಡೋದು ಮೈ ಬರಲಿ ಅಂತ ಕಣೋ. ಮೈ ಹೋಗ್ಲಿ ಅಂತ ಯಾರಾದ್ರೂ ಮಾಡ್ತಾರಾ?"

ಬೆಳಗ್ಗೆ ನೂರಾರು ದಂಡೆ, ಬಸ್ಕಿ. ಆಮೇಲೆ ಬಾದಾಮಿ ಅರೆದು ಹಾಕಿದ ಹಾಲು, ತುಪ್ಪ, ಮುದ್ದೆ, ಮಾಂಸದ ಸಾರು. ತಾಲೀಮು ಎನ್ನುವುದು ಹಸಿವನ್ನು ತಯಾರಿಸುವ ಕಾರ್ಖಾನೆಯಾಗಿತ್ತು. ತೂಕ ಏರದೆ ಹೋದರೆ ಉಸ್ತಾದರು ಬೈಯುತ್ತಿದ್ದರು. ತಾತನ ಪ್ರಕಾರ ನನ್ನ ಆರು ತಿಂಗಳ ಸಾಧನೆ ಕೇವಲ ಸಾಧಾರಣ.

ಭಾಷೆಯೂ ತಾತನ ಕಡೆಗೇ ಇದೆ. ತೆಳ್ಳಗಿರುವವರಿಗೆ ನಮ್ಮಲ್ಲಿ ಇರುವ ಮಾತುಗಳನ್ನು ನೋಡಿ: ಸೊರಗಿದ, ಬಡಕಲ, ಒಣಕಲ, ಕಡ್ಡಿ ಪೈಲ್ವಾನ್, ನರಪೇತಲ. ದಪ್ಪಗಿರುವವರಿಗೆ: ಮೈಕೈ ತುಂಬಿಕೊಂಡು ಲಕ್ಷಣವಾಗಿರುವ. ಹುಣಸೂರಿನಲ್ಲಿರುವ ನನ್ನ ಸೋದರತ್ತೆ ಸಂಕ್ರಾಂತಿಗೆ ಬಂದವರು, ಆಗ ನಾನು ಎರಡು ಕಿಲೋ ಏರಿದ್ದೆ, ನನ್ನ ಕೆನ್ನೆ ಸವರಿ, "ಅದೇನೋ ಓಡಾಟ ಹಚ್ಕೊಂಡಿದೀಯಂತೆ, ಸೊರಗೋಗಿದೀಯಲ್ಲೋ ಮರಿ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಸೊರಗುವುದು ಕಣ್ಣಿಗೆ ಕಾಣಬೇಕಾದದ್ದೇನೂ ಅಲ್ಲ, ಕಿವಿಗೆ ಬಿದ್ದರೆ ಸಾಕು. ಅವರು ತಂದಿದ್ದ ಎಳ್ಳುಂಡೆಯನ್ನು ಬೇಡವೆನ್ನುವ ಧೈರ್ಯ ಯಾರಿಗಿದೆ?

ಉಳಿದ ಇಪ್ಪತ್ತಮೂರು ಗಂಟೆ

ವಾಕಿಂಗ್ ಮುಗಿದ ಮೇಲೆ ಉಳಿಯುವ ಇಪ್ಪತ್ತಮೂರು ಚಿಲ್ಲರೆ ಗಂಟೆಗಳ ಬಗ್ಗೆ ಬೇರೆ ಕೈಪಿಡಿಗಳು ಮೌನವಾಗಿವೆ. ಇಲ್ಲಿ ಮಾಡಬೇಕಾದದ್ದು ಸುಲಭ: ಕೂತುಕೊಳ್ಳಿ. ಬೆಳಗ್ಗೆ ನಡೆದಾಗಿದೆಯಲ್ಲ. ಮೊದಲೆಲ್ಲ ಹಾಲಿನ ಬೂತಿಗೆ ನಡೆದು ಹೋಗುತ್ತಿದ್ದೆ, ಈಗ ಸ್ಕೂಟರು. ಆಫೀಸಿನಲ್ಲಿ ಎರಡನೆಯ ಮಹಡಿಗೆ ಲಿಫ್ಟು. ಸಂಜೆ ಹೆಂಡತಿ ಅಟ್ಟದ ಮೇಲಿನ ಪಾತ್ರೆ ಇಳಿಸಿಕೊಡಿ ಎಂದರೆ ಮೊಣಕಾಲಿನ ಕಡೆ ಬೆರಳು ತೋರಿಸುತ್ತೇನೆ. ಬೆಳಗಿನ ಮುಕ್ಕಾಲು ಗಂಟೆಗೆ ಇಡೀ ದಿನವನ್ನು ಅಡ ಇಟ್ಟ ಹಾಗೆ.

ಇದು ನನ್ನೊಬ್ಬನ ಸೋಮಾರಿತನ ಎಂದುಕೊಂಡಿದ್ದೆ. ಮೈಗೂ ಈ ಬುದ್ಧಿ ಇದೆಯಂತೆ. ಹರ್ಮನ್ ಪಾಂಟ್ಜರ್ ಎಂಬ ಮಾನವಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ತಾಂಜಾನಿಯಾದ ಹಾಡ್ಜಾ ಬೇಟೆಗಾರರು ದಿನವೊಂದಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತಾರೆಂದು ಅಳೆದು 2012ರಲ್ಲಿ ಪ್ರಕಟಿಸಿದರು. ದಿನವಿಡೀ ಬೇಟೆ, ಗೆಡ್ಡೆ, ಜೇನು ಎಂದು ಅಲೆಯುವವರು. ಮೈಯ ಗಾತ್ರವನ್ನು ಸರಿದೂಗಿಸಿ ನೋಡಿದರೆ ಅವರ ಒಟ್ಟು ಖರ್ಚು ಅಮೆರಿಕದಲ್ಲಿ ಕುರ್ಚಿಯ ಮೇಲೆ ಕೂತವರ ಖರ್ಚಿಗಿಂತ ಬೇರೆಯಾಗಿರಲಿಲ್ಲ. ನಡಿಗೆಗೆ ಹೆಚ್ಚು ಸುರಿದರೆ ಮೈ ಬೇರೆಲ್ಲೋ ಕೈ ಬಿಗಿ ಹಿಡಿಯುತ್ತದೆ ಎಂಬುದು ಅವರ ವಾದ. ಸಂಬಳ ಹೆಚ್ಚಿಸಿ ಭತ್ಯೆ ಕಡಿತ ಮಾಡುವ ನಮ್ಮ ಆಡಳಿತ ಮಂಡಳಿ ನೆನಪಾಯಿತು.

ಇನ್ನೊಂದು ಅಧ್ಯಯನ ನಮ್ಮ ದೇಶದ್ದೇ, ಹಳೆಯದು, 1956ರದು. ಜ್ಯಾಂ ಮೇಯರ್ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯ ಗಂಡಸರು ಏನು ತಿನ್ನುತ್ತಾರೆ, ಎಷ್ಟು ತೂಗುತ್ತಾರೆ ಎಂದು ನೋಡಿದರು. ಮೂಟೆ ಹೊರುವವರು ಹೆಚ್ಚು ತಿನ್ನುತ್ತಿದ್ದರು, ತೂಕ ಹೆಚ್ಚಿರಲಿಲ್ಲ. ಅವರ ತಿನ್ನುವಿಕೆ ದುಡಿಮೆಗೆ ತಕ್ಕ ಹಾಗಿತ್ತು. ಕೂತಲ್ಲೇ ಕೂತ ಅಂಗಡಿಯವರು ಮಾತ್ರ ಹೊರುವವರಷ್ಟೇ ತಿಂದು ಎಲ್ಲರಿಗಿಂತ ಹೆಚ್ಚು ತೂಗುತ್ತಿದ್ದರು. ನನಗೆ ಅನ್ನಿಸುವುದು: ವಾಕಿಂಗ್ ಮಾಡುವ ಗುಮಾಸ್ತ ಈ ಇಬ್ಬರ ನಡುವೆ ಇರುವ ವಿಚಿತ್ರ ಪ್ರಾಣಿ. ಮುಕ್ಕಾಲು ಗಂಟೆ ಹಮಾಲಿಯ ಹಸಿವು, ಉಳಿದಂತೆ ಅಂಗಡಿಯ ಗಲ್ಲಾಪೆಟ್ಟಿಗೆ. ಕೂತು ಕೆಲಸ ಮಾಡುವ 65 ಕಿಲೋ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ ಸಾಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಲೆಕ್ಕ ಹಾಕಿದೆ. ನಾನು ಆ ಅಂಕಿಯನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ಅರ್ಧ ದಾಟಿರುತ್ತೇನೆ.

ರಾಯರ ರಹಸ್ಯ ಈಗ ಹೇಳುತ್ತೇನೆ. ಅವರು ನಡೆಯುವುದಿಲ್ಲ, ಆದ್ದರಿಂದ ಅವರಿಗೆ ಆ ಬಾಲವೂ ಸಿಗುವುದಿಲ್ಲ. ಎರಡು ಇಡ್ಲಿ ತಿಂದು, ಅರ್ಧ ಲೋಟ ಕಾಫಿ ಕುಡಿದು, ನಮ್ಮ ದೋಸೆಗಳನ್ನು ಆಸೆಯಿಂದ ನೋಡುತ್ತ, "ನೀವೆಲ್ಲ ಪುಣ್ಯವಂತರು, ನಡೀತೀರಿ" ಎನ್ನುತ್ತಾರೆ.

ದೋಷ ಪರಿಹಾರ

ತೂಕ ಏರುತ್ತಿಲ್ಲವೆ? ಹೋಟೆಲ್ಲಿಗೆ ಒಬ್ಬರೇ ಹೋಗುತ್ತಿರಬಹುದು. ತೂಕ ಇಳಿಯುತ್ತಿದೆಯೆ? ಬಹುಶಃ ವಾಕಿಂಗ್ ಮುಗಿಸಿ ನೇರವಾಗಿ ಮನೆಗೆ ಬರುತ್ತಿದ್ದೀರಿ. ಈ ಅಭ್ಯಾಸ ಹೇಗೆ ಬಂತೆಂದು ಯೋಚಿಸಿ. ಕೆರೆಯ ಗೇಟಿನ ಬಳಿ ಹಾಗಲಕಾಯಿ, ಬೂದುಗುಂಬಳ, ಬಾಳೆದಿಂಡಿನ ರಸ ಮಾರುವ ಗಾಡಿಯೊಂದು ನಿಲ್ಲುತ್ತದೆ. ಅದನ್ನು ಕುಡಿದರೆ ತೂಕ ಇಳಿಯುವುದೇ ಎಂದು ಹಲವರು ಕೇಳುತ್ತಾರೆ. ಕುಡಿದವರು ಬಾಯಿಯ ಕಹಿ ಹೋಗಲು ಏನು ತಿನ್ನುತ್ತಾರೆ ಎಂಬುದರ ಮೇಲೆ ಅದು ನಿಂತಿದೆ.

ಪ್ಯಾಂಟು ಬಿಗಿಯಾಗಿದೆ ಎಂಬ ದೂರಿಗೆ ಪಂಚೆ ಪರಿಹಾರ. ಪಂಚೆ ಇವತ್ತಿನವರೆಗೆ ಯಾರಿಗೂ ಬಿಗಿಯಾದ ದಾಖಲೆಯಿಲ್ಲ.

ತೂಕದ ಮಿಷನ್ನೇ ಸುಳ್ಳು ಹೇಳುತ್ತಿದೆ ಎಂದು ಅನುಮಾನವೆ? ಹೇಳುತ್ತದೆ, ಆದರೆ ನೀವು ಬಯಸುವ ದಿಕ್ಕಿನಲ್ಲಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋ ಹಾಕಿಸಿಕೊಂಡರು. ಇಬ್ಬರದೂ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಒಂದೇ, 22.3. ಕೊಬ್ಬಿನ ಪಾಲು ಮಾತ್ರ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ನಾವು ತೆಳ್ಳಗೆ ಕಂಡಾಗಲೂ ಒಳಗೆ ದಪ್ಪ. ಆದ್ದರಿಂದಲೇ ಭಾರತೀಯರಿಗೆ ಸೂಚ್ಯಂಕ 23 ದಾಟಿದರೆ ತೂಕ ಹೆಚ್ಚು ಎನ್ನುತ್ತಾರೆ, ಗಂಡಸರ ಸೊಂಟಕ್ಕೆ 90 ಸೆಂಟಿಮೀಟರಿನ ಗೆರೆ ಹಾಕಿದ್ದಾರೆ. ನಾನು ಟೈಲರ ಟೇಪಿನಲ್ಲಿ ಅಳೆದುಕೊಂಡೆ. ಉಸಿರು ಎಳೆದುಕೊಂಡಾಗ ಒಂದು ಅಂಕಿ, ಬಿಟ್ಟಾಗ ಇನ್ನೊಂದು. ಎರಡೂ ಗೆರೆಯ ಆಚೆಗೇ ಇದ್ದವು.

ಖಾತರಿ

ಈ ಉತ್ಪನ್ನಕ್ಕೆ ತೂಕದ ಬಗ್ಗೆ ಯಾವ ಖಾತರಿಯೂ ಇಲ್ಲ. ಯುಗಾದಿಯ ನಂತರ ರಕ್ತಪರೀಕ್ಷೆ ಮಾಡಿಸಿ ನಮ್ಮ ಡಾಕ್ಟರ ಹತ್ತಿರ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಮಸಲ್ಲಿನ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಅವರು ಕಾಗದ ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, "ಶುಗರ್ ಇಳಿದಿದೆಯಲ್ರೀ" ಎಂದರು. ಬೀಪಿಯೂ ಸ್ವಲ್ಪ ಕೆಳಗಿತ್ತು. ನಡೆಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಬಲ್ಲದು, ತೂಕ ಇಳಿಯದೆ ಇದ್ದರೂ ಈ ಲಾಭ ಇದ್ದೇ ಇರುತ್ತದೆ ಎಂದು ವಿವರಿಸಿದರು. ಆಮೇಲೆ ನನ್ನನ್ನು ಮಿಷನ್ನಿನ ಮೇಲೆ ನಿಲ್ಲಿಸಿದರು. ನಾನು ಕನ್ನಡಕ ತೆಗೆಯಲು ಹೋದಾಗ, "ಇರಲಿ, ನಾನೇ ಓದ್ತೀನಿ" ಎಂದರು. ಓದಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ವಾಕಿಂಗ್ ಬಿಡಬೇಡಿ," ಎಂದರು ಕೊನೆಗೆ. "ಆದ್ರೆ ಬೇರೆ ದಾರೀಲಿ ಮನೆಗೆ ಹೋಗಿ."

ದಾರಿ ಬದಲಿಸಿ ನೋಡಿದೆ. ನಾಲ್ಕು ದಿನ ರೈಲ್ವೆ ಗೇಟಿನ ಕಡೆಯಿಂದ ಸುತ್ತಿ ಬಂದೆ. ಐದನೆಯ ದಿನ ಮೇಷ್ಟ್ರು ಫೋನು ಮಾಡಿ, "ಆರೋಗ್ಯ ಸರಿ ಇದೆಯಾ?" ಎಂದು ವಿಚಾರಿಸಿದರು.

ಗ್ರಾಹಕ ಸೇವೆ

ದೂರು, ಸಲಹೆ, ಬಿಡಿಭಾಗಗಳ ಅಗತ್ಯ ಇದ್ದವರು ಬೆಳಗ್ಗೆ ಏಳೂಕಾಲರಿಂದ ಎಂಟರವರೆಗೆ ಖುದ್ದಾಗಿ ಬರಬಹುದು. ಒಳಗೆ ಬಂದರೆ ಬಲಗಡೆ, ಕೈತೊಳೆಯುವ ಜಾಗದ ಪಕ್ಕದ ಮೇಜು. ರಾಯರು ಮೊದಲೇ ಬಂದು ಜಾಗ ಹಿಡಿದಿರುತ್ತಾರೆ. ಸೋಮವಾರ ಹೋಟೆಲ್ಲಿಗೆ ರಜೆ. ಆ ದಿನ ಎದುರುಗಡೆಯ ಸಣ್ಣ ಹೋಟೆಲ್ಲಿನಲ್ಲಿ ಸಿಗುತ್ತೇವೆ. ಅಲ್ಲಿ ದೋಸೆ ಇಲ್ಲ, ವಡೆ ಸ್ವಲ್ಪ ಗಟ್ಟಿ, ಆದರೆ ಚಟ್ನಿ ಚೆನ್ನಾಗಿದೆ.